ಹೊಲದ ಬದುವಿನ ಹೂಗಳು: ಚಿತ್ರ ತೆಗೆಯುವ ಕ್ರಮ, ಗುರುತು ಹಿಡಿಯುವ ಬಗೆ



ನಮ್ಮ ಹಿಂದೂಪುರ, ಮಡಕಶಿರ, ಕಲ್ಯಾಣದುರ್ಗಗಳ ಸೀಮೆಯನ್ನು ಹೊರಗಿನವರು ಬರದ ಸೀಮೆ ಎಂದು ಕರೆಯುವುದುಂಟು. ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆ ಬೀಳುವ ನೆಲಕ್ಕೆ ಆ ಹೆಸರು ಸಲ್ಲದೆಂದು ವಾದಿಸುವಂತಿಲ್ಲ. ಆದರೆ ಮೃಗಶಿರೆ, ಆರಿದ್ರೆ ಮಳೆಗಳು ಎರಡು ಹದ ಬಿದ್ದರೆ ಸಾಕು, ನೇಗಿಲು ತಾಗದ ಜಾಗವೆಲ್ಲ ಹೂ ಬಿಡುತ್ತದೆ. ಹೊಲದ ಬದುವು, ಗೋಮಾಳ, ಕೆರೆಯ ಏರಿ, ಕಲ್ಲುಗುಡ್ಡದ ಸಂದು ಇವೆಲ್ಲ ಆಗ ಬಣ್ಣ ತಾಳುತ್ತವೆ. ಈ ಗಿಡಗಳನ್ನು ಯಾರೂ ಬಿತ್ತಿದ್ದಲ್ಲ, ಇವುಗಳಿಗೆ ಯಾರೂ ನೀರು ಕಟ್ಟಿದ್ದಲ್ಲ. ಅದರಿಂದಲೇ ಏನೋ, ಇವುಗಳಿಗೆಲ್ಲ ನಾವು ಕೊಟ್ಟಿರುವ ಹೆಸರು ಒಂದೇ: ಕಸ.

ಈಗ ಬಹುಪಾಲು ಮನೆಗಳಲ್ಲಿ ಚಿತ್ರ ತೆಗೆಯುವ ಮೊಬೈಲು ಬಂದಿದೆ. ಮದುವೆಗೂ ಜಾತ್ರೆಗೂ ಅದನ್ನು ಬಳಸುತ್ತೇವೆ. ಅದೇ ಮೊಬೈಲನ್ನು ಕುಡುಗೋಲು, ಗುದ್ದಲಿಗಳಂತೆ ಬೇಸಾಯದ ಒಂದು ಸಲಕರಣೆಯಾಗಿ ಮಾಡಿಕೊಳ್ಳುವುದು ಹೇಗೆಂಬುದೇ ಈ ವಾರದ ಪಾಠ. ಬದುವಿನ ಮೇಲಿನ ಹೂವಿನ ಚಿತ್ರವನ್ನು ಸರಿಯಾಗಿ ತೆಗೆದು, ಅದರ ಗುರುತನ್ನು ತಪ್ಪಿಲ್ಲದೆ ಹಿಡಿಯುವುದನ್ನು ಕಲಿತರೆ, ಯಾವುದನ್ನು ಉಳಿಸಬೇಕು, ಯಾವುದನ್ನು ಕೀಳಬೇಕು ಎಂಬುದು ತಿಳಿಯುತ್ತದೆ.

ಹೆಸರು ಏಕೆ ಬೇಕು?

ಕೆಲವರು ಕೇಳಬಹುದು: "ಕಸಕ್ಕೆ ಹೆಸರೇಕೆ ಸ್ವಾಮಿ? ಕಿತ್ತರೆ ಆಯಿತು." ಇದಕ್ಕೆ ಉತ್ತರ ನಮ್ಮ ಜಿಲ್ಲೆಯಲ್ಲಿಯೇ ಇದೆ.

2000ನೆಯ ಇಸವಿಯ ಮುಂಗಾರಿನಲ್ಲಿ ಅನಂತಪುರ ಜಿಲ್ಲೆಯ ಕಡಲೆಕಾಯಿ ಬೆಳೆಗೆ ಕುಡಿ ಕಪ್ಪಾಗಿ, ಕಾಂಡ ಒಣಗಿ, ಗಿಡವೇ ಸಾಯುವ ರೋಗ ಬಿತ್ತು. ಸುಮಾರು 2,25,000 ಹೆಕ್ಟೇರು ಹೊಲಕ್ಕೆ ಅದು ಹರಡಿತು. ನಷ್ಟ 300 ಕೋಟಿ ರೂಪಾಯಿಗೂ ಮೀರಿತೆಂದು ಅಂದಾಜು. ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ, ಇದಕ್ಕೆ ಟೊಬ್ಯಾಕೊ ಸ್ಟ್ರೀಕ್ ಎಂಬ ವೈರಸ್ ಕಾರಣವೆಂದು ತೋರಿಸಿಕೊಟ್ಟರು. ಆ ವೈರಸ್ಸಿನ ಮನೆ ಯಾವುದು? ಬದುವಿನ ಮೇಲೂ ರಸ್ತೆಯ ಪಕ್ಕದಲ್ಲೂ ಬೆಳೆದಿದ್ದ ಪಾರ್ಥೇನಿಯಂ, ಎಂದರೆ ನಾವು ಕಾಂಗ್ರೆಸ್ ಗಿಡ ಎನ್ನುವ ಬಿಳಿಹೂವಿನ ಕಳೆ. ಆ ಗಿಡದಲ್ಲಿ ವೈರಸ್ ಇದ್ದರೂ ರೋಗದ ಚಿಹ್ನೆ ಕಾಣುವುದಿಲ್ಲ. ಅದರ ಹೂವಿನ ಪರಾಗದಲ್ಲಿ ವೈರಸ್ ಇರುತ್ತದೆ. ಥ್ರಿಪ್ಸ್ ಎಂಬ ಸಣ್ಣ ನುಸಿಗಳ ಮೈಗೆ ಪರಾಗ ಅಂಟಿಕೊಂಡು ಕಡಲೆಕಾಯಿ ಎಲೆಯ ಮೇಲೆ ಬೀಳುತ್ತದೆ. ನುಸಿ ಎಲೆಯನ್ನು ಕೆರೆದು ರಸ ಹೀರುವಾಗ ಆಗುವ ಗಾಯದೊಳಗಿಂದ ವೈರಸ್ ಗಿಡವನ್ನು ಹೊಗುತ್ತದೆ.

ಈ ಗಿಡ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದಿಂದ ಬಂದು, 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದದ್ದು. ಒಂದು ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬರಿದಾದ, ಕೆದಕಿದ ನೆಲವೆಂದರೆ ಅದಕ್ಕೆ ಬಲು ಪ್ರೀತಿ.

ಈಗ ಇನ್ನೊಂದು ಮಗ್ಗುಲು ನೋಡಿರಿ. ತಂಗಡಿ, ತೆಲುಗಿನಲ್ಲಿ ವೆಂಪಲಿ ಎನ್ನುವ ಕೊಗ್ಗಿ, ಇಂಥ ನಾಡಗಿಡಗಳು ಬದುವಿನ ಮೇಲೆ ದಟ್ಟವಾಗಿ ನಿಂತಿದ್ದರೆ ಪಾರ್ಥೇನಿಯಂ ಅಲ್ಲಿ ಸುಲಭವಾಗಿ ತಲೆಯೆತ್ತದು. ಎಲ್ಲವನ್ನೂ ಕಸವೆಂದು ಬಗೆದು ಬದುವಿಗೆಲ್ಲ ಕಳೆನಾಶಕ ಹೊಡೆದರೆ ನಾಡಗಿಡ ಸಾಯುತ್ತದೆ, ನೆಲ ಬರಿದಾಗುತ್ತದೆ, ಮುಂದಿನ ಮಳೆಗೆ ಮೊದಲು ಮೊಳೆಯುವುದು ಅದೇ ಪರದೇಶದ ಕಳೆ. ಕಾವಲುಗಾರನನ್ನು ಓಡಿಸಿ ಕಳ್ಳನಿಗೆ ಬಾಗಿಲು ತೆರೆದಂತೆ ಆಯಿತು. ಗುರುತು ತಿಳಿಯದವನ ಕೈಗೆ ಇವೆರಡೂ ಒಂದೇ. ತಿಳಿದವನ ಕೈಗೆ ಬೇರೆ ಬೇರೆ.

ಗಡಿನಾಡಿನವರಿಗೆ ಇನ್ನೊಂದು ತೊಡಕು

ಒಂದೇ ಗಿಡಕ್ಕೆ ನಮ್ಮ ಮನೆಯಲ್ಲಿ ಒಂದು ಹೆಸರು, ಸಂತೆಯಲ್ಲಿ ಇನ್ನೊಂದು. ಎಕ್ಕವನ್ನು ತೆಲುಗಿನವರು ಜಿಲ್ಲೇಡು ಎನ್ನುತ್ತಾರೆ, ನೆಗ್ಗಿಲನ್ನು ಪಲ್ಲೇರು ಎನ್ನುತ್ತಾರೆ. ಇವು ಗೊಂದಲ ಮಾಡುವುದಿಲ್ಲ. ಗೊಂದಲ ಮಾಡುವುದು ಕೇಳಲು ಹತ್ತಿರವಾದ ಹೆಸರುಗಳು. ನಮ್ಮ ತುಂಬೆಗೆ ತೆಲುಗಿನಲ್ಲಿ ತುಮ್ಮಿ. ಆದರೆ ತುಮ್ಮ ಎಂದರೆ ಜಾಲಿ. ಸರ್ಕಾರು ತುಮ್ಮ ಎಂದರೆ ನಾವು ಬಳ್ಳಾರಿ ಜಾಲಿ ಎನ್ನುವ ಪರದೇಶದ ಮುಳ್ಳುಮರ. ಹೆಸರಿನಲ್ಲಿ ಬಳ್ಳಾರಿ ಇದ್ದರೂ ಅದು ಬಳ್ಳಾರಿಯದಲ್ಲ, ಅಮೆರಿಕ ಖಂಡದ್ದು. ಒಂದು ಅಕ್ಷರ ತಪ್ಪಿ ಬರೆದರೆ ಮೊಣಕಾಲುದ್ದದ ತುಂಬೆ ಮುಳ್ಳುಮರವಾಗುತ್ತದೆ.

ಕನ್ನಡದೊಳಗೂ ಇಂಥ ತೊಡಕು ಉಂಟು. ನೆಲಕ್ಕೆ ಅಂಟಿಕೊಂಡು ಹರಡುವ, ಸಣ್ಣ ನೀಲಿ ಹೂವಿನ ಗಿಡಕ್ಕೆ ವಿಷ್ಣುಕ್ರಾಂತಿ ಎನ್ನುತ್ತೇವೆ. ಬೇಲಿಗೆ ಹಬ್ಬುವ, ದೊಡ್ಡ ನೀಲಿ ಹೂವಿನ ಶಂಖಪುಷ್ಪದ ಬಳ್ಳಿಗೂ ಕೆಲವೆಡೆ ಅದೇ ಹೆಸರು. ಉತ್ತರ ಹಿಂದೂಸ್ಥಾನದಲ್ಲಿ ಸಣ್ಣ ಗಿಡವನ್ನೇ ಶಂಖಪುಷ್ಪಿ ಎನ್ನುತ್ತಾರೆ. ಔಷಧಿಗೆಂದು ಒಬ್ಬರು ಕೇಳಿದ್ದು ಒಂದು, ಇನ್ನೊಬ್ಬರು ತಂದುಕೊಟ್ಟದ್ದು ಇನ್ನೊಂದು ಎಂಬಂತೆ ಆಗುವುದು ಹೀಗೆ.

ಕರ್ನಾಟಕದ ಸಸ್ಯಗ್ರಂಥಗಳು ಕರ್ನಾಟಕದ ಎಲ್ಲೆಗೆ ನಿಲ್ಲುತ್ತವೆ. ಪಾವಗಡದ ತಂಗಡಿಗೂ ಮಡಕಶಿರದ ತಂಗಡಿಗೂ ಭೇದವಿಲ್ಲ. ಆದರೆ ಮಡಕಶಿರದ ಮುದುಕಿ ಅದನ್ನು ಏನೆಂದು ಕರೆದಳೆಂಬುದನ್ನು ಬರೆದಿಡುವವರು ನಾವಲ್ಲದೆ ಬೇರೆ ಯಾರೂ ಇಲ್ಲ. ನಮ್ಮ ಮಕ್ಕಳು ಬಹುಪಾಲು ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುತ್ತಾರೆ. ಅಜ್ಜಿಗೆ ಗೊತ್ತಿರುವ ನಲವತ್ತು ಗಿಡದ ಹೆಸರು ಮೊಮ್ಮಗಳಿಗೆ ನಾಲ್ಕಾಗಿ ಉಳಿದರೆ, ಉಳಿದ ಮೂವತ್ತಾರು ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಚಿತ್ರದ ಜೊತೆಗೆ ಹೆಸರನ್ನು ಕಟ್ಟಿಹಾಕಿದರೆ ಮಾತ್ರ ಅದು ನಿಲ್ಲುತ್ತದೆ.

ಹೊತ್ತು, ಬೆಳಕು, ಗಾಳಿ

ಚಿತ್ರಕ್ಕೆ ಒಳ್ಳೆಯ ಹೊತ್ತು ಬೆಳಗಿನ ಎಳೆಬಿಸಿಲು. ಅನೇಕ ಹೂಗಳಿಗೆ ತಮ್ಮದೇ ಗಡಿಯಾರ ಉಂಟು. ವಿಷ್ಣುಕ್ರಾಂತಿ ಬೆಳಿಗ್ಗೆ ಅರಳಿ ಹೊತ್ತು ಏರಿದ ಮೇಲೆ ಮುದುಡುತ್ತದೆ. ಉಮ್ಮತ್ತಿ ಅರಳುವುದು ಸಂಜೆಗೆ. ನಡುಹಗಲಿನಲ್ಲಿ ಹೋದವನಿಗೆ ಎರಡೂ ಇಲ್ಲ.

ನಡುಹಗಲಿನ ಬಿಸಿಲಿನಲ್ಲಿ ಬಿಳಿ ಹೂವಿನ ಚಿತ್ರ ಸುಣ್ಣ ಬಳಿದಂತೆ ಬರುತ್ತದೆ, ಎಸಳಿನ ಗೆರೆ ಕಾಣುವುದಿಲ್ಲ. ಆ ಹೊತ್ತಿನಲ್ಲಿಯೇ ತೆಗೆಯಬೇಕಾದರೆ ಕೊಡೆಯನ್ನೋ ಹೆಗಲ ಮೇಲಿನ ಟವೆಲನ್ನೋ ಅಡ್ಡ ಹಿಡಿದು ಗಿಡದ ಮೇಲೆ ನೆರಳು ಮಾಡಿರಿ. ಮೊಬೈಲಿನ ಪರದೆಯ ಮೇಲೆ ಹೂ ಇರುವ ಕಡೆ ಬೆರಳಿಟ್ಟು, ಅಲ್ಲಿ ಕಾಣುವ ಬೆಳಕಿನ ಗುರುತನ್ನು ತುಸು ಕೆಳಗೆ ಎಳೆಯಿರಿ.

ಸಣ್ಣ ಹೂವಿಗೆ ಮೊಬೈಲನ್ನು ತೀರ ಹತ್ತಿರ ಹಿಡಿಯುವುದು ಎಲ್ಲರೂ ಮಾಡುವ ಕೆಲಸ. ಹಾಗೆ ಹಿಡಿದರೆ ಹಿಂದಿನ ಹುಲ್ಲು ಸ್ಪಷ್ಟವಾಗಿ, ಹೂವು ಮಂಜಾಗಿ ಬರುತ್ತದೆ. ಒಂದು ಗೇಣು ದೂರದಲ್ಲಿ ಹಿಡಿದು, ಹೂವಿನ ಹಿಂದೆ ಅಂಗೈ ಒಡ್ಡಿರಿ. ಕ್ಯಾಮರಾಕ್ಕೆ ಹಿಂದಿನದೇನೂ ಕಾಣದೆ ಹೂವಿನ ಮೇಲೆಯೇ ಕಣ್ಣು ನೆಡುತ್ತದೆ. ಬೇಕಾದ ಭಾಗವನ್ನು ಆಮೇಲೆ ದೊಡ್ಡದು ಮಾಡಿಕೊಳ್ಳಬಹುದು.

ಆಷಾಢದ ಗಾಳಿಯಲ್ಲಿ ಗಿಡ ಒಂದು ಗಳಿಗೆ ನಿಲ್ಲುವುದಿಲ್ಲ. ಎಡಗೈಯಿಂದ ಹೂವಿನ ಕೆಳಗಿನ ಕಾಂಡವನ್ನು ಮೆಲ್ಲಗೆ ಹಿಡಿಯಿರಿ. ಇಲ್ಲವೆ ಒಂದು ಕಡ್ಡಿ ನೆಟ್ಟು ಅದಕ್ಕೆ ಒರಗಿಸಿರಿ. ಇನ್ನೊಂದು ಮಾತು: ನಿಂತುಕೊಂಡು ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲ್ಲ ಹೂಗಳೂ ಒಂದೇ ತರ ಕಾಣುತ್ತವೆ. ಮೊಣಕಾಲೂರಿ ಹೂವಿನ ಎತ್ತರಕ್ಕೆ ಇಳಿಯಬೇಕು. ಕಳೆ ಕೀಳಲು ಬಗ್ಗುವ ಬೆನ್ನಿಗೆ ಇದೇನೂ ಕಷ್ಟವಲ್ಲ.

ಆರು ಚಿತ್ರಗಳ ಕ್ರಮ

ಒಂದು ಗಿಡಕ್ಕೆ ಒಂದು ಚಿತ್ರ ಸಾಲದು. ಕೆಳಗಿನ ಆರನ್ನು ಇದೇ ಕ್ರಮದಲ್ಲಿ ತೆಗೆಯತಕ್ಕದ್ದು.

1. ಗಿಡ ನಿಂತಿರುವ ಜಾಗ. ಬದುವೋ, ಕೆರೆಯಂಗಳವೋ, ಗುಡ್ಡವೋ ಕಾಣಬೇಕು.

2. ಇಡೀ ಗಿಡ. ಪಕ್ಕದಲ್ಲಿ ಅಳತೆಗೆ ಒಂದು ಬೆಂಕಿಪೊಟ್ಟಣ ಅಥವಾ ರೂಪಾಯಿ ನಾಣ್ಯ ಇಡಿರಿ.

3. ಎಲೆ, ಮೇಲ್ಮೈ ಮತ್ತು ಅಡಿಮೈ. ಕಾಂಡದ ಮೇಲೆ ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೋ, ಒಂದಾದ ಮೇಲೊಂದು ಬಿಟ್ಟುಬಿಟ್ಟು ಇವೆಯೋ ಎಂಬುದು ತೋರಬೇಕು.

4. ಹೂವಿನ ಮುಖ. ಎಸಳು ಎಷ್ಟು, ಸಮವೋ ಅಸಮವೋ ಎಂದು ಎಣಿಸುವಂತಿರಬೇಕು.

5. ಹೂವಿನ ಮಗ್ಗುಲು ಮತ್ತು ಬೆನ್ನು. ಬಹಳ ಮಂದಿ ಬಿಡುವ ಚಿತ್ರ ಇದು; ಬಹಳ ಸಲ ಗುರುತು ಸಿಗುವುದೂ ಇದರಲ್ಲಿಯೇ.

6. ಕಾಯಿ ಮತ್ತು ಬೀಜ. ಹೂವಿನ ದಿನ ಕಾಯಿ ಇಲ್ಲದಿದ್ದರೆ, ಅದೇ ಗಿಡದ ಬಳಿಗೆ ಎರಡು ಮೂರು ವಾರ ಕಳೆದು ಮತ್ತೆ ಹೋಗಬೇಕು.

ಕಳೆಯ ವಿಷಯದಲ್ಲಿ ಏಳನೆಯದೂ ಒಂದುಂಟು: ಮೊಳಕೆ. ಹೂ ಬಿಟ್ಟ ಮೇಲೆ ಪಾರ್ಥೇನಿಯಂ ಎಂದು ಗುರುತಿಸಿದರೆ ಪರಾಗ ಆಗಲೇ ಹಾರಿರುತ್ತದೆ. ಈ ವರ್ಷ ಹೂವಿನಿಂದ ಗಿಡವನ್ನು ಗುರುತಿಸಿ, ಜಾಗ ನೆನಪಿಟ್ಟು, ಮುಂದಿನ ಮಳೆಗೆ ಅಲ್ಲಿಯೇ ನೆಲಕ್ಕೆ ಹರಡಿಕೊಂಡು ಏಳುವ, ಕ್ಯಾರೆಟ್ಟಿನ ಎಲೆಯಂತೆ ಸೀಳುಸೀಳಾದ ಎಲೆಯ ಸಸಿಯ ಚಿತ್ರ ತೆಗೆದಿಡಿರಿ. ಮನೆಯವರೆಲ್ಲರೂ ಅದನ್ನು ನೋಡಿರಲಿ. ಹೂವಿಗೆ ಮುಂಚೆಯೇ, ಕೈಗೆ ಚೀಲವನ್ನೋ ಬಟ್ಟೆಯನ್ನೋ ಸುತ್ತಿಕೊಂಡು, ಬೇರುಸಹಿತ ಕೀಳಬೇಕು. ಅದು ಮೈಗೆ ತಾಗಿದರೆ ಕೆಲವರಿಗೆ ತುರಿಕೆ ಏಳುತ್ತದೆ. ಕಡಲೆಕಾಯಿ ಹೊಲದ ಸುತ್ತ ಜೋಳ ಇಲ್ಲವೆ ಸಜ್ಜೆಯ ಕೆಲವು ಸಾಲು ಒತ್ತಾಗಿ ಬಿತ್ತಿದರೆ ಹೊರಗಿನಿಂದ ಬರುವ ನುಸಿಗೆ ತಡೆಯಾಗುತ್ತದೆ.

ಚಿತ್ರಕ್ಕೆ ಸಿಕ್ಕದ ಸಂಗತಿಗಳೂ ಉಂಟು. ವಾಸನೆ, ಮುರಿದರೆ ಬರುವ ಹಾಲು, ಎಲೆಯ ಒರಟು ನುಣುಪು ಇವನ್ನು ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಎಕ್ಕದ ಹಾಲು ಕಣ್ಣಿಗೆ ಬೀಳದಂತೆ ಎಚ್ಚರವಿರಲಿ.

ಗುರುತು ಹಿಡಿಯಲು ನಾಲ್ಕು ಉದಾಹರಣೆ

ತುಂಬೆ: ಕಾಂಡವನ್ನು ಬೆರಳಿನಲ್ಲಿ ಉರುಳಿಸಿ ನೋಡಿರಿ, ಚೌಕ. ಎಲೆಗಳು ಎದುರುಬದುರು. ಹೂಗಳು ಕಾಂಡದ ಸುತ್ತ ಚೆಂಡಿನಂತೆ ಗುಂಪಾಗಿವೆ. ಒಂದೊಂದು ಹೂವಿಗೂ ಮೇಲೊಂದು, ಕೆಳಗೊಂದು ತುಟಿ, ಕೆಳದುಟಿಯೇ ದೊಡ್ಡದು. ಚೌಕ ಕಾಂಡ, ಎದುರೆಲೆ, ಎರಡು ತುಟಿಯ ಹೂ ಈ ಮೂರೂ ಸೇರಿದರೆ ಸಾಮಾನ್ಯವಾಗಿ ತುಲಸಿಯ ಕುಲವೆಂದು ತಿಳಿಯಿರಿ. ಜೇನುಹುಳಕ್ಕೆ ತುಂಬೆ ಒಳ್ಳೆಯ ಮೇವು. ಸೂರ್ಯಕಾಂತಿ ಬೆಳೆಯುವವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ, ಜೇನು ಬಾರದ ಹೊಲದಲ್ಲಿ ತೆನೆ ಜೊಳ್ಳು.

ತಂಗಡಿ: ಹಳದಿ ಹೂ, ಐದು ಎಸಳು. ಆದರೆ ತಗಚೆಗೂ ಹಳದಿ ಹೂ, ರಸ್ತೆ ಬದಿಯ ಸೀಮೆತಂಗಡಿ ಮರಕ್ಕೂ ಹಳದಿ ಹೂ. ಹೂವಿನ ಮುಖ ಮಾತ್ರ ತೆಗೆದ ಚಿತ್ರದಿಂದ ಇವು ಬೇರೆಯಾಗುವುದು ಕಷ್ಟ. ಎಲೆಯ ಬುಡವನ್ನು ನೋಡಿರಿ. ತಂಗಡಿಯಲ್ಲಿ ಅಲ್ಲಿ ಕಿವಿಯಾಕಾರದ ಅಗಲವಾದ ಹಸುರು ಪುಚ್ಛ ಅಂಟಿಕೊಂಡಿರುತ್ತದೆ. ಅದರ ಶಾಸ್ತ್ರೀಯ ಹೆಸರು ಸೆನ್ನಾ ಆರಿಕ್ಯುಲೇಟಾ. ಆರಿಕ್ಯುಲೇಟಾ ಎಂದರೆ ಕಿವಿಯುಳ್ಳದ್ದು ಎಂದೇ ಅರ್ಥ. ಹಿಂದೆ ಇದರ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ತೆಲಂಗಾಣ ರಾಜ್ಯ ಇದನ್ನೇ ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ. ಪಕ್ಕದ ರಾಜ್ಯಕ್ಕೆ ಗೌರವದ ಹೂವಾದದ್ದು ನಮ್ಮ ಬದುವಿನಲ್ಲಿ ಕಸವಾಗಬಾರದು.

ಎಕ್ಕ: ಎಲ್ಲವೂ ಒಂದೇ ಎಕ್ಕವೆಂದು ನಾವು ತಿಳಿದಿದ್ದೇವೆ. ಎರಡು ಜಾತಿ ಉಂಟು. ಒಂದರ ಎಸಳುಗಳು ಬಿಚ್ಚಿ ಹರಡಿ ಹಿಂದಕ್ಕೆ ಬಾಗುತ್ತವೆ. ಬಣ್ಣ ಬಿಳಿ ಅಥವಾ ನಸುನೇರಳೆ. ಇನ್ನೊಂದರ ಎಸಳುಗಳು ಬಟ್ಟಲಿನಂತೆ ಮೇಲಕ್ಕೆ ನಿಂತಿರುತ್ತವೆ. ಬಿಳಿಯ ಎಸಳಿಗೆ ತುದಿಯಲ್ಲಿ ಮಾತ್ರ ನೇರಳೆ. ಐದನೆಯ ಚಿತ್ರ, ಎಂದರೆ ಮಗ್ಗುಲಿನ ಚಿತ್ರ, ಇಲ್ಲಿ ಉಪಯೋಗಕ್ಕೆ ಬರುತ್ತದೆ.

ನೆಗ್ಗಿಲು ಮತ್ತು ಆನೆನೆಗ್ಗಿಲು: ಎರಡಕ್ಕೂ ಹಳದಿ ಹೂ, ಎರಡಕ್ಕೂ ಮುಳ್ಳುಕಾಯಿ. ನೆಗ್ಗಿಲಿನ ಎಲೆ ಹುಣಿಸೆಯಂತೆ ಸಣ್ಣ ಎಲೆಗಳ ಸಾಲು, ಹೂವಿನ ಐದು ಎಸಳು ಬಿಡಿಬಿಡಿ. ಆನೆನೆಗ್ಗಿಲಿನದು ಒಂಟಿ ದಪ್ಪ ಎಲೆ, ಕೊಳವೆಯಂಥ ಹೂ, ನಾಲ್ಕು ಮೂಲೆಯ ಕಾಯಿ. ಇದರ ಹಸಿ ಕೊಂಬೆಯಿಂದ ಒಂದು ಚೊಂಬು ನೀರನ್ನು ಕದಡಿದರೆ ನೀರು ಲೋಳೆಯಾಗುತ್ತದೆ. ಮಕ್ಕಳಿಗೆ ಇದನ್ನು ತೋರಿಸಿದರೆ ಜನ್ಮದಲ್ಲಿ ಮರೆಯುವುದಿಲ್ಲ.

ಮೊಬೈಲು ಹೇಳುವ ಹೆಸರನ್ನು ಎಷ್ಟು ನಂಬಬೇಕು?

ಈಗ ಚಿತ್ರ ತೋರಿಸಿದೊಡನೆ ಗಿಡದ ಹೆಸರು ಹೇಳುವ ಸಾಧನಗಳು ಮೊಬೈಲಿನಲ್ಲಿಯೇ ಬಂದಿವೆ. ಅವು ಉಪಯೋಗದವೇ. ಆದರೆ ಅವು ಹೇಳುವುದನ್ನು ಸಂತೆಯಲ್ಲಿ ಕೇಳಿದ ಧಾರಣೆಯಂತೆ ತಿಳಿಯಬೇಕು. ಇನ್ನಿಬ್ಬರಲ್ಲಿ ವಿಚಾರಿಸದೆ ವ್ಯಾಪಾರ ಮುಗಿಸಬಾರದು. ಮಂಜಾದ ಒಂದು ಚಿತ್ರ ಕೊಟ್ಟರೂ ಅವು ಯಾವುದೋ ಒಂದು ಹೆಸರು ಹೇಳುತ್ತವೆ. ಆರು ಚಿತ್ರಗಳನ್ನೂ ಕೊಟ್ಟು, ಹೇಳಿದ ಹೆಸರಿನ ಲಕ್ಷಣಗಳನ್ನು ಒಂದೊಂದಾಗಿ ಗಿಡದೊಡನೆ ಹೋಲಿಸಿರಿ. ಒಂದು ಲಕ್ಷಣ ಕೂಡದಿದ್ದರೆ ಆ ಹೆಸರನ್ನು ಬಿಡಿರಿ. ಕುಲ ಮಾತ್ರ ತಿಳಿದರೆ ಕುಲವನ್ನಷ್ಟೇ ಬರೆಯಿರಿ. ಅರ್ಧ ಗುರುತು ಅವಮಾನವಲ್ಲ, ತಪ್ಪು ಗುರುತು ಅಪಾಯ.

ಅಪಾಯವೆಂದೆನಲ್ಲ, ಅದು ಸುಮ್ಮನೆ ಹೇಳಿದ ಮಾತಲ್ಲ. ಶ್ರಾವಣ, ಭಾದ್ರಪದಗಳಲ್ಲಿ ಪೊದೆಗಳ ಮೇಲೆ ಬೆಂಕಿಯಂತೆ ಅರಳುವ ಗೌರಿ ಹೂವನ್ನು ನೋಡಿರಿ. ಅಗ್ನಿಶಿಖೆ ಎಂದೂ ಅದಕ್ಕೆ ಹೆಸರು. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುವುದು ಅದರ ಗುರುತು. ಅದರ ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ಪ್ರಾಣಾಂತಿಕ ವಿಷ ಇದೆ. ಹಾಗೆಯೇ ಮುಳ್ಳೆಲೆಯ ಮೇಲೆ ಬಿಳಿ ನರ, ಹಳದಿ ಹೂ, ಮುರಿದರೆ ಹಳದಿ ಹಾಲು ಬರುವ ದತ್ತೂರಿ. ಅದು ಮೆಕ್ಸಿಕೋ ಕಡೆಯಿಂದ ಬಂದದ್ದು. ಅದರ ಬೀಜ ಸಾಸಿವೆಯನ್ನು ಹೋಲುತ್ತದೆ. ಅದರ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತದ್ದರಿಂದ 1998ರಲ್ಲಿ ದೆಹಲಿಯಲ್ಲಿ ಮೈ ಊದುವ ರೋಗ ಹರಡಿ ಜನ ಸತ್ತರು. ಮೊಬೈಲು ಹೇಳಿದ ಹೆಸರನ್ನು ನಂಬಿ ಯಾವ ಗೆಡ್ಡೆ, ಬೀಜ, ಸೊಪ್ಪನ್ನೂ ಬಾಯಿಗೆ ಹಾಕಬಾರದು, ದನಕರುಗಳಿಗೂ ಹಾಕಬಾರದು.

ಹೆಚ್ಚಿನ ಖಾತ್ರಿ ಬೇಕಾದವರು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ಲಿಗೆ ಚಿತ್ರ ಕಳುಹಿಸಿದರೆ ಬಲ್ಲವರು ನೋಡಿ ಹೆಸರು ಸೂಚಿಸುತ್ತಾರೆ. ಅನಂತಪುರ ಜಿಲ್ಲೆಯ ಗಿಡಗಳನ್ನೆಲ್ಲ ಕುರಿತು ಟಿ. ಪುಲ್ಲಯ್ಯ ಮತ್ತು ಎನ್. ಯಶೋದಾ ಅವರು ಬರೆದ ಇಂಗ್ಲಿಷ್ ಗ್ರಂಥ 1989ರಲ್ಲಿ ಪ್ರಕಟವಾಗಿದೆ. 2022ರಲ್ಲಿ ಜಿಲ್ಲೆ ಎರಡಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ್ದರೂ, ಆ ಗ್ರಂಥ ಹಳೆಯ ಜಿಲ್ಲೆಯದಾದ್ದರಿಂದ ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ಅದೊಂದೇ ಸಾಕು. ಕಾಲೇಜಿನಲ್ಲಿ ಓದುವ ಮಕ್ಕಳಿರುವವರು ಅವರಿಂದ ಓದಿಸಿಕೊಳ್ಳಬಹುದು.

ಮೊಬೈಲು ಇಲ್ಲದವರು ನಿರಾಶರಾಗಬೇಕಾಗಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆದ ತಮ್ಮ "ಹಸುರು ಹೊನ್ನು" ಪುಸ್ತಕಕ್ಕೆ ಗಿಡಗಳ ಚಿತ್ರಗಳನ್ನು ಕೈಯಿಂದಲೇ ಬರೆದರು. ಪೆನ್ಸಿಲು ಹಿಡಿದ ಹುಡುಗ ಎಸಳನ್ನು ಎಣಿಸದೆ ಬರೆಯಲಾರ. ಅದೇ ಅವನ ಪಾಠ.

ಬರೆದಿಡುವ ಕ್ರಮ

ಪ್ರತಿ ಗಿಡಕ್ಕೂ ಒಂದು ಹಾಳೆ. ಅದರಲ್ಲಿ ತಾರೀಖು ಮತ್ತು ಮಳೆಯ ನಕ್ಷತ್ರ, ಊರು ಮತ್ತು ಜಾಗದ ಹೆಸರು, ಮಣ್ಣು ಕೆಂಪೋ ಕಪ್ಪೋ, ಸುತ್ತಲ ಬೆಳೆ ಯಾವುದು, ಮನೆಯಲ್ಲಿ ಆಡುವ ಕನ್ನಡ ಹೆಸರು, ತೆಲುಗಿನ ಹೆಸರು, ಹೆಸರು ಹೇಳಿದವರು ಯಾರು, ಉಪಯೋಗವೇನು, ಕೊನೆಯಲ್ಲಿ ಶಾಸ್ತ್ರೀಯ ಹೆಸರು. ಹಿರಿಯರು ಹೇಳಿದ ಹೆಸರನ್ನು ತಿದ್ದಬೇಡಿರಿ. ಅವರು ತಂಗಡಿ ಎಂದರೆ ತಂಗಡಿ, ಆವರಿಕೆ ಎಂದರೆ ಆವರಿಕೆ. ಇಬ್ಬರು ಎರಡು ಹೇಳಿದರೆ ಎರಡನ್ನೂ ಬರೆಯಿರಿ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡ, ಪ್ರಾಣಿ, ಅವುಗಳ ತಿಳಿವಳಿಕೆಗಳ ಜನತಾ ದಾಖಲೆಯನ್ನು ಬರೆಯಿಸಬೇಕು. ಅದರಲ್ಲಿ ಸ್ಥಳೀಯ ಹೆಸರಿಗೆಂದೇ ಒಂದು ಕಲಂ ಉಂಟು. ನಿಮ್ಮ ಹಾಳೆಗಳನ್ನು ಪಂಚಾಯಿತಿಗೆ ಒಯ್ದು ಆ ದಾಖಲೆಗೆ ಸೇರಿಸಬೇಕೆಂದು ಕೇಳಿರಿ. ತೆಲುಗು ಹೆಸರಿನ ಪಕ್ಕದಲ್ಲಿ ಕನ್ನಡದ ಹೆಸರೂ ಕುಳಿತರೆ ಯಾರಿಗೂ ನಷ್ಟವಿಲ್ಲ, ಊರಿನ ದಾಖಲೆ ಪೂರ್ತಿಯಾಗುತ್ತದೆ.

ಮಾಡಬಾರದ್ದು

ಚಿತ್ರ ಚೆಂದವಾಗಲೆಂದು ಹೂ ಕಿತ್ತು ಬೇರೆಡೆ ಇಟ್ಟು ತೆಗೆಯಬೇಡಿರಿ. ಜಾಗ ಹೋದರೆ ಅರ್ಧ ಗುರುತು ಹೋಯಿತು. ಸುತ್ತಲ ಗಿಡಗಳನ್ನು ತುಳಿಯಬೇಡಿರಿ. ಗೆಡ್ಡೆ ಬೇರುಗಳಿಗಾಗಿ ಅಗೆಯುವ ಗಿಡ ಅಪರೂಪಕ್ಕೆ ಕಂಡರೆ, ಚಿತ್ರ ಹಂಚುವಾಗ ಜಾಗದ ನಿಖರ ವಿವರ ಕೊಡಬೇಡಿರಿ. ಮೊಬೈಲು ತಾನಾಗಿಯೇ ಜಾಗವನ್ನು ಚಿತ್ರದಲ್ಲಿ ಸೇರಿಸುವುದುಂಟು, ಅದನ್ನು ನೋಡಿಕೊಳ್ಳಿರಿ. ಗುಡ್ಡ, ಹಳ್ಳ, ಪೊದೆಗಳಲ್ಲಿ ಮಕ್ಕಳನ್ನು ಒಂಟಿಯಾಗಿ ಕಳುಹಿಸಬಾರದು. ಮಂಡಿಯೂರುವ ಮೊದಲು ಕೋಲಿನಿಂದ ಹುಲ್ಲನ್ನು ತಟ್ಟತಕ್ಕದ್ದು.

ಇಷ್ಟಕ್ಕೆ ದುಡ್ಡು ಬೇಕಿಲ್ಲ, ರಜೆ ಬೇಕಿಲ್ಲ. ಹೊಲಕ್ಕೆ ಹೋಗುವ ದಾರಿಯಲ್ಲಿ ವಾರಕ್ಕೆ ಒಂದು ಗಿಡದಂತೆ ಹಿಡಿದರೆ, ಯುಗಾದಿಯಿಂದ ಯುಗಾದಿಗೆ ಐವತ್ತು ಗಿಡಗಳಾದವು. ಮನೆಯ ಹಿರಿಯರನ್ನೂ ಶಾಲೆಗೆ ಹೋಗುವ ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿರಿ. ಹಿರಿಯರು ಹೆಸರು ಹೇಳಲಿ, ಮಕ್ಕಳು ಚಿತ್ರ ತೆಗೆಯಲಿ, ನೀವು ಕೈಯಲ್ಲಿ ಕುಡುಗೋಲು ಹಿಡಿದು ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸಿರಿ. ಮೊದಲನೆಯ ಹಾಳೆ ತಂಗಡಿಯದಾಗಲಿ, ಎರಡನೆಯದು ಪಾರ್ಥೇನಿಯಂನದು.